ಹೇಳಿ ಹೊರಡುವುದು, ಹೇಳಿದ ಹೊತ್ತಿಗೆ ಮರಳುವುದು

(ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕರೊಬ್ಬರು ಪತ್ನಿಯ ಒತ್ತಾಯಕ್ಕೆ ಮಣಿದು ಆಪ್ತಸಲಹೆಗೆ ಬಂದರು. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗನಿಗೆ ಸಂಜೆ ಅವರೇ ಪಾಠ ಹೇಳುತ್ತಿದ್ದರು. ಹಿಂದಿನ ದಿನ ಬಿಡಿಸಿದ್ದ ಲೆಕ್ಕವನ್ನೇ ಅವನು ಮತ್ತೆ ತಪ್ಪಿದರೆ ಮಾತಿಗೆ ಮಾತು ಬೆಳೆಯುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದ ದಿನ ಕೈಯೂ ಮುಂದಾಗಿತ್ತು. ಅಂದಿನಿಂದ, ಸಿಟ್ಟು ನೆತ್ತಿಗೇರುತ್ತಿದ್ದಂತೆ ಅವರು ಫೋನನ್ನು ಮನೆಯಲ್ಲೇ ಬಿಟ್ಟು, ಯಾರಿಗೂ ಹೇಳದೆ ಬೈಕ್ ಹತ್ತಿ ಹೊರಟುಬಿಡುತ್ತಿದ್ದರು. ರಾತ್ರಿ ಹತ್ತು ದಾಟಿದ ಮೇಲೆ ಬಂದು, ಮರುದಿನ ಏನೂ ನಡೆದೇ ಇಲ್ಲವೆಂಬಂತೆ ಶಾಲೆಗೆ ಹೋಗುತ್ತಿದ್ದರು.

"ಹೊಡೆಯುವುದಕ್ಕಿಂತ ಎದ್ದುಹೋಗುವುದೇ ವಾಸಿಯಲ್ಲವೇ, ಮೇಡಂ?" ಎಂದು ಅವರು ಕೇಳಿದಾಗ, ಹೌದು ಎಂದೇ ಹೇಳಿದೆ. ಅವರ ನಿರ್ಧಾರ ಸರಿಯಾಗಿತ್ತು, ಹೊರಡುವ ರೀತಿ ಸರಿಯಿರಲಿಲ್ಲ. ಪತ್ನಿಗೆ ಅದು ಶಿಕ್ಷೆಯಂತೆ ಕಾಣುತ್ತಿತ್ತು. ಆಕೆ ಒಲೆಯ ಮೇಲಿನ ಸಾರು ಹಾಗೇ ಬಿಟ್ಟು, ಸೌಟು ಹಿಡಿದೇ ಗೇಟಿನವರೆಗೆ ಓಡಿಬಂದು, "ಉತ್ತರ ಕೊಟ್ಟು ಹೋಗಿ" ಎಂದು ಕೂಗುತ್ತಿದ್ದರು. ಮಗನನ್ನು ಪ್ರತ್ಯೇಕವಾಗಿ ಮಾತನಾಡಿಸಿದಾಗ ಅವನು ಹೇಳಿದ್ದು ಇಷ್ಟೇ: "ಅಪ್ಪ ಬೈದರೆ ತಡ್ಕೋತೀನಿ. ಆ ಸಿಟ್ಟಲ್ಲಿ ಗಾಡಿ ಓಡಿಸ್ತಾರಲ್ಲ, ಅದಕ್ಕೇ ಭಯ."

ಸಿಟ್ಟು ಏರಿದಾಗ ಅಡ್ರಿನಲಿನ್ ಹರಿದು ಎದೆಬಡಿತ ಹೆಚ್ಚುತ್ತದೆ, ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ದಾಂಪತ್ಯ ಕಲಹಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್, ಬಡಿತ ನಿಮಿಷಕ್ಕೆ 100 ದಾಟಿದಾಗ ಮಾತುಕತೆ ನಿಲ್ಲಿಸಿ ಕನಿಷ್ಠ 20 ನಿಮಿಷ ಬಿಡುವು ಪಡೆಯಬೇಕೆನ್ನುತ್ತಾರೆ. ಆದರೆ ಈ ಶಿಕ್ಷಕರು ಗಂಟೆಗಟ್ಟಲೆ ಹೊರಗಿದ್ದರೂ ತಣ್ಣಗಾಗುತ್ತಿರಲಿಲ್ಲ. ಕಾರಣ ಕೆದಕಿದಾಗ, ದಾರಿಯುದ್ದಕ್ಕೂ ಅವರು ಮನಸ್ಸಿನಲ್ಲೇ ಮಗನೊಂದಿಗೆ ವಾದ ಮುಂದುವರಿಸುತ್ತಿದ್ದುದು ತಿಳಿಯಿತು. ಅಮೆರಿಕದ ಇನ್ನೊಬ್ಬ ಮನೋವಿಜ್ಞಾನಿ ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರ ಕೋಪ, ಸುಮ್ಮನೆ ಕುಳಿತವರ ಕೋಪಕ್ಕಿಂತ ಹೆಚ್ಚಿತ್ತು. ಸಿಟ್ಟನ್ನು ಹೊರಹಾಕಿದರೆ ಹಗುರಾಗುತ್ತದೆ ಎಂದು ನಂಬುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಮೂವರನ್ನೂ ಕೂರಿಸಿಕೊಂಡು, ಎಲ್ಲರೂ ಶಾಂತವಾಗಿದ್ದ ಹೊತ್ತಿನಲ್ಲೇ ಒಪ್ಪಂದ ಮಾಡಿಸಿದೆ. ತಂದೆಗೆ ಸಿಟ್ಟಿನ ಮೊದಲ ಸೂಚನೆ ಕಿವಿ ಬಿಸಿಯಾಗುವುದು. ದನಿ ಏರುವುದು ಆಮೇಲೆ. ಆದ್ದರಿಂದ ಕಿವಿ ಬಿಸಿಯಾದೊಡನೆ "ನನಗೆ ಈಗ ಆಗುತ್ತಿಲ್ಲ, ಅರ್ಧ ಗಂಟೆಯಲ್ಲಿ ಬರುತ್ತೇನೆ" ಎಂದಷ್ಟೇ ಹೇಳಿ ಏಳಬೇಕು. "ನಿನ್ನಿಂದಾಗಿ" ಎಂಬ ಮಾತು ಅದರೊಳಗೆ ನುಸುಳಬಾರದು. ಬೈಕ್ ಮುಟ್ಟಬಾರದು, ನಡೆದೇ ಹೋಗಬೇಕು, ಫೋನ್ ಜೊತೆಗಿರಬೇಕು. ವಾದ ಮತ್ತೆ ತಲೆಯೊಳಗೆ ಶುರುವಾದರೆ ಗಮನವನ್ನು ಹೆಜ್ಜೆಗೆ ತಂದು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಬೇಕು. ಪತ್ನಿ ಹಿಂಬಾಲಿಸುವಂತಿಲ್ಲ. ಇದು ಆಕೆಗೆ ಕಷ್ಟವೆನಿಸಿತು. ಹೇಳಿದ ಹೊತ್ತಿಗೆ ಪತಿ ಮರಳುತ್ತಾರೆಂಬ ಭರವಸೆ ಹುಟ್ಟುವವರೆಗೆ ಕಷ್ಟವೇ ಎಂದು ನಾನೂ ಒಪ್ಪಿಕೊಂಡೆ. ಮರಳಿದವರು ಅರ್ಧಕ್ಕೆ ನಿಂತ ಮಾತನ್ನು ತಾವೇ ಎತ್ತಬೇಕು, ಇನ್ನೂ ಸಾಧ್ಯವಾಗದಿದ್ದರೆ ಬೇರೊಂದು ಸಮಯವನ್ನಾದರೂ ಗೊತ್ತುಮಾಡಬೇಕು. ಮಗನಿಗೂ ಇದೇ ಹಕ್ಕಿದೆ: "ಸಾಕು, ಆಮೇಲೆ" ಎಂದು ಅವನು ಪುಸ್ತಕ ಮುಚ್ಚಿದರೆ ಅದನ್ನು ಉದ್ಧಟತನವೆಂದು ಎಣಿಸುವಂತಿಲ್ಲ. ತಂದೆ ಇದನ್ನು ಒಪ್ಪಲು ಬಹಳ ಹೊತ್ತು ಹಿಡಿಯಿತು.

ಮಗನ ಮೇಲೆ ಕೈ ಮಾಡಿದ ವಿಷಯವನ್ನು ಈ ಒಪ್ಪಂದದೊಳಗೆ ಕರಗಿಸಲಿಲ್ಲ. ತಂದೆ ಅವನೆದುರು ನೇರವಾಗಿ ತಪ್ಪೊಪ್ಪಿಕೊಂಡರು. ಮತ್ತೆ ಹಾಗಾದರೆ ಬಿಡುವಿನ ಅಭ್ಯಾಸವನ್ನಷ್ಟೇ ನೆಚ್ಚಿಕೊಳ್ಳದೆ ಮಗನ ಸುರಕ್ಷತೆಯನ್ನು ಮೊದಲು ನೋಡಬೇಕೆಂದು, ತುರ್ತಾಗಿ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದೆಂದು ಪತ್ನಿಗೆ ತಿಳಿಸಿದೆ.

ನಂತರದ ಭೇಟಿಗಳಲ್ಲಿ ತಿಳಿದಂತೆ, ಅರ್ಧ ಗಂಟೆಯ ನಡಿಗೆ ಕೆಲವೊಮ್ಮೆ ಒಂದು ಗಂಟೆಗೆ ಎಳೆಯುತ್ತಿತ್ತು, ಆದರೆ ತಡವಾಗುವುದನ್ನು ಅವರು ಫೋನ್ ಮಾಡಿ ತಿಳಿಸುತ್ತಿದ್ದರು. ದಿನದ ಪಾಠದಿಂದಲೂ ಅವರು ದೂರ ಸರಿಯುವುದು ಒಳ್ಳೆಯದೆಂದು ಸೂಚಿಸಿದೆ. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ತಾಳ್ಮೆಯಿಂದ ಕಲಿಸಿ ಬಂದವರಲ್ಲಿ ಸಂಜೆಗೆ ಆ ತಾಳ್ಮೆ ಉಳಿದಿರಲೇಬೇಕೆಂದೇನೂ ಇಲ್ಲ. ಈಗ ಮಗ ಅವರ ಸಹೋದ್ಯೋಗಿಯೊಬ್ಬರ ಬಳಿ ಗಣಿತ ಕಲಿಯುತ್ತಿದ್ದಾನೆ, ಭಾನುವಾರ ಮಾತ್ರ ತಾನೇ ಆರಿಸಿದ ಲೆಕ್ಕಗಳನ್ನು ಅಪ್ಪನ ಮುಂದಿಡುತ್ತಾನೆ.