ಹಳೆ ಫಿಯೆಟ್‌ಗೆ ಹೊಸ ಅಲಾಯ್ ವೀಲ್

ಪ್ರಶ್ನೆ: ಅಪ್ಪನ ಹಳೆ ಫಿಯೆಟ್‌ಗೆ ಅಲಾಯ್ ವೀಲ್ ಹಾಕಿಸಬೇಕು, ವೀಲ್ ಬೋಲ್ಟ್ ಆಗಿ ಕೂರುವ ಹಬ್ ಮಾತ್ರ ಮೂಲದ್ದೇ ಇರಲಿ. ನಾಲ್ಕು ತೂತಿನ ಯಾವ ವೀಲ್ ಆದರೂ ಕೂರುತ್ತದಾ?
ಓದುಗರು, ಕಾರವಾರ

ಉತ್ತರ: ಇಲ್ಲ. ಎದುರುಬದುರು ತೂತುಗಳ ನಡುವಿನ ಅಳತೆಯೂ ಹೊಂದಬೇಕು. 98 ಮಿ.ಮೀ. ಹಬ್‌ಗೆ 100ರ ವೀಲ್ ಹಾಕಿದರೆ ಬೋಲ್ಟ್ ಹೇಗೋ ಬಿಗಿಯಾಗುತ್ತದೆ, ಆದರೆ ಪ್ರತಿ ತೂತೂ 1 ಮಿ.ಮೀ. ಆಚೆ ಇರುವುದರಿಂದ ವೀಲ್ ಸರಿಯಾಗಿ ಕೂರದೆ ಅದುರುತ್ತದೆ, ದೇವಿಮನೆ ಘಟ್ಟ ಇಳಿಯುವಾಗ ಬೋಲ್ಟ್ ಸಡಿಲಾದರೆ ಜೀವಕ್ಕೇ ಅಪಾಯ ಅಲ್ವಾ? ನಡುವಿನ ದೊಡ್ಡ ತೂತು ಹಬ್‌ಗಿಂತ ಅಗಲವಿದ್ದರೆ ಆ ಸಂದು ತುಂಬುವ ರಿಂಗ್ ಹಾಕಿಸಿ. ಹಬ್ಬನ್ನು ಸುಮ್ನೆ ಕೊರೆಸಬೇಡಿ, ಅಂಥದ್ದು ಮತ್ತೆ ಸಿಗುವುದು ಕಷ್ಟ. ನಮ್ಮ ಕಡಲ ಉಪ್ಪುಗಾಳಿಗೆ ಅಲಾಯ್ ವೀಲ್ ಕಬ್ಬಿಣದ ಹಬ್‌ಗೆ ಕಚ್ಚಿಕೊಂಡುಬಿಡುತ್ತದೆ. ಮೊದಲು ತುಕ್ಕು ಉಜ್ಜಿಸಿ, ಹಬ್ಬಿನ ನಡುಭಾಗಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ, ಬೋಲ್ಟ್‌ಗೆ ಬೇಡ. 100 ಕಿ.ಮೀ. ಓಡಿಸಿದ ಮೇಲೆ ಬಿಗಿ ಮತ್ತೊಮ್ಮೆ ನೋಡಿ.