ಓದುಗರ ಪ್ರಶ್ನೆ: ಕಾಳ್ಗಿಚ್ಚಿನ ಹೊಗೆ, ಮನೆಯೊಳಗಿನ ಗಾಳಿ

ಪ್ರಶ್ನೆ: ಆಗಸ್ಟ್‌ನಲ್ಲಿ ಆರು ತಿಂಗಳಿಗೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ, ಮಗಳ ಮನೆಗೆ ಹೊರಟಿದ್ದೇವೆ. ಯಜಮಾನರಿಗೆ 68 ವರ್ಷ, ಉಬ್ಬಸವಿದೆ. ಅದು ಅಲ್ಲಿ ಕಾಳ್ಗಿಚ್ಚಿನ ಕಾಲವಂತೆ. ಏನೇನು ಸಿದ್ಧತೆ ಬೇಕು? ಅಲ್ಲಿ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) 150 ಆದರೇ ಗಾಬರಿಯಾಗುತ್ತಾರೆ, ದೆಹಲಿಯಲ್ಲಿ 400 ಇರುತ್ತದಲ್ಲ?
– ಓದುಗರು, ಮೈಸೂರು

ಉತ್ತರ: ಎರಡೂ ದೇಶದ ಅಳತೆಗೋಲು ಬೇರೆ ಬೇರೆ. ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 (ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸಣ್ಣ) ಕಣಗಳಿದ್ದರೆ ನಮ್ಮಲ್ಲಿ ಎಕ್ಯೂಐ 100, ‘ತೃಪ್ತಿಕರ’. ಅದೇ ಗಾಳಿಗೆ ಅಮೆರಿಕದ ಲೆಕ್ಕದಲ್ಲಿ 150 ದಾಟುತ್ತದೆ, ‘ಅನಾರೋಗ್ಯಕರ’. ದೆಹಲಿಯ ಚಳಿಗಾಲಕ್ಕಿಂತ ಅದು ವಾಸಿ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆ 24 ಗಂಟೆಗೆ ಹೇಳುವ ಮಿತಿ ಬರೀ 15 ಮೈಕ್ರೋಗ್ರಾಂ. ಉಬ್ಬಸವಿರುವವರು ಅಲ್ಲಿಯ ಅಂಕಿ 100 ದಾಟಿದರೆ ವಾಕಿಂಗ್ ಬಿಡಬೇಕು. 150 ದಾಟಿದರೆ ಹೊರಗೆ ಹೋಗದಿರುವುದೇ ಲೇಸು.

ಆಕಾಶ ನೋಡಿ ತೀರ್ಮಾನಿಸಬೇಡಿ. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಹೊಗೆ ಮೇಲೆಯೇ ತೇಲುತ್ತಿದ್ದರಿಂದ ಅಂದು ನೆಲಮಟ್ಟದ ಗಾಳಿ ಅಷ್ಟೇನೂ ಕೆಟ್ಟಿರಲಿಲ್ಲ. ಬಣ್ಣ ಹೋದ ಮೇಲೆ, ಮುಂದಿನ ದಿನಗಳಲ್ಲಿ ಹೊಗೆ ಕೆಳಗಿಳಿದು ಗಾಳಿ ಕೆಟ್ಟಿತು. ಅಮೆರಿಕ ಸರ್ಕಾರದ ಗಾಳಿ ಮಾಹಿತಿ ತಾಣ ‘ಏರ್‌ನೌ’ನ ಕಾಳ್ಗಿಚ್ಚು–ಹೊಗೆ ನಕ್ಷೆಯನ್ನು ಮೊಬೈಲಿನಲ್ಲಿ ಹಾಕಿಸಿಕೊಳ್ಳಿ. ಅಂಕಿ ಗಂಟೆ ಗಂಟೆಗೂ ಬದಲಾಗುತ್ತದೆ.

ಇನ್ನು ಔಷಧಿ. ಇಲ್ಲಿ ಸಾಲ್ಬುಟಮಾಲ್ ಎನ್ನುವ ಇನ್‌ಹೇಲರ್‌ಗೆ ಅಲ್ಲಿ ಆಲ್ಬುಟೆರಾಲ್ ಎನ್ನುತ್ತಾರೆ; ಔಷಧ ಒಂದೇ, ಹೆಸರು ಬೇರೆ. ವೈದ್ಯರ ಚೀಟಿಯಿಲ್ಲದೆ ಅಲ್ಲಿ ಸಿಗದು. ಪ್ರವಾಸಿ ವಿಮೆಯಲ್ಲಿ ಹಳೆಯ ಕಾಯಿಲೆಯನ್ನು ಹೊರಗಿಡುವುದು ಸಾಮಾನ್ಯ, ಪಾಲಿಸಿ ಓದಿ ನೋಡಿ. ಆದ್ದರಿಂದ ಔಷಧವನ್ನು ಚೀಟಿಯ ಸಮೇತ ಕೈಚೀಲದಲ್ಲೇ ಒಯ್ಯಿರಿ; ಸಾಮಾನ್ಯವಾಗಿ ಬಿಡುವುದು 90 ದಿನಕ್ಕಾಗುವಷ್ಟನ್ನು. ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರನ್ನು ‘ಈಗ ಚೆನ್ನಾಗಿದ್ದೀನಲ್ಲ’ ಎಂದು ಬಿಟ್ಟವರೇ ಹೊಗೆ ಬಂದಾಗ ಹೆಚ್ಚು ಒದ್ದಾಡುವುದು. ಸಾಲ್ಬುಟಮಾಲನ್ನು ಎಷ್ಟು ಸಲ ಎಳೆದ ಮೇಲೆ ಉಬ್ಬಸ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ನಿಮ್ಮ ವೈದ್ಯರಿಂದ ಬರೆಸಿಕೊಳ್ಳಿ.

ಮಾಸ್ಕ್ ಎಂದರೆ ತಲೆಯ ಹಿಂದೆ ಎರಡು ಪಟ್ಟಿ ಬರುವ ಎನ್95. ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ. ಸೆರಗಿಗೂ ಕರ್ಚೀಫಿಗೂ ಈ ಕಣ ಜಗ್ಗುವುದಿಲ್ಲ.

ಪ್ರಶ್ನೆ: ಬಾಕ್ಸ್ ಫ್ಯಾನ್‌ಗೆ (ಪೆಟ್ಟಿಗೆಯಾಕಾರದ ಚೌಕ ಫ್ಯಾನ್) ಫಿಲ್ಟರ್ ಅಂಟಿಸಿ ಗಾಳಿ ಶುದ್ಧ ಮಾಡಬಹುದಂತೆ. ಅಂಗಡಿಯ ಪ್ಯೂರಿಫೈಯರ್‌ನಷ್ಟೇ ಕೆಲಸ ಮಾಡುತ್ತದೆಯೇ?
– ಓದುಗರು, ಸನ್ನಿವೇಲ್, ಕ್ಯಾಲಿಫೋರ್ನಿಯಾ

ಉತ್ತರ: ಮಾಡುತ್ತದೆ, ಸರಿಯಾಗಿ ಕಟ್ಟಿದರೆ. 20 ಇಂಚಿನ ಬಾಕ್ಸ್ ಫ್ಯಾನ್ ಒಂದು. 20×20 ಇಂಚಿನ, 2 ಇಂಚು ದಪ್ಪದ ಮರ್ವ್ 13 (ಕಣ ಹಿಡಿಯುವ ಸಾಮರ್ಥ್ಯದ ದರ್ಜೆ) ಫಿಲ್ಟರ್ ನಾಲ್ಕು. ರಟ್ಟು, ಡಕ್ಟ್ ಟೇಪ್. ನಾಲ್ಕು ಫಿಲ್ಟರ್ ನಾಲ್ಕು ಗೋಡೆ, ತಳಕ್ಕೆ ರಟ್ಟು, ಮೇಲೆ ಫ್ಯಾನ್, ಗಾಳಿ ಮೇಲಕ್ಕೆ ಊದುವಂತೆ. ಫಿಲ್ಟರ್ ಅಂಚಿನ ಬಾಣ ಪೆಟ್ಟಿಗೆಯ ಒಳಮುಖವಾಗಿರಬೇಕು. ಫ್ಯಾನಿನ ನಾಲ್ಕು ಮೂಲೆಗೆ ರಟ್ಟು ಮುಚ್ಚಿ, ರೆಕ್ಕೆ ತಿರುಗುವಷ್ಟು ಅಗಲದ ವೃತ್ತ ಮಾತ್ರ ತೆರೆದಿಡಿ. ಇಲ್ಲದಿದ್ದರೆ ಮೂಲೆಗಳಲ್ಲಿ ಗಾಳಿ ವಾಪಸು ಒಳಕ್ಕೆ ಸೇರಿ ಅರೆಬರೆ ಕೆಲಸವಾಗುತ್ತದೆ. 2012ರ ನಂತರ ತಯಾರಾದ ಫ್ಯಾನೇ ಬಳಸಿ, ನಿದ್ದೆ ಮಾಡುವಾಗ ಆಫ್ ಮಾಡಿ.

ಫಿಲ್ಟರ್ ಕಣ ಹಿಡಿಯುವುದು ಜಾಲರಿಯಿಂದಷ್ಟೇ ಅಲ್ಲ, ನಾರಿನಲ್ಲಿರುವ ವಿದ್ಯುತ್ ಆವೇಶದಿಂದಲೂ. ತೊಳೆದರೆ ಅದು ಹೋಗುತ್ತದೆ. ‘ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕೋಣ’ ಎಂಬ ನಮ್ಮವರ ಆಸೆ ಇಲ್ಲಿ ನಡೆಯದು. ಮಸಿಗಟ್ಟಿದರೆ ಬದಲಿಸಿ.

ಅಂಗಡಿಯದನ್ನೇ ಕೊಳ್ಳುವುದಾದರೆ ಹೊಗೆಯ ಸಿಎಡಿಆರ್ (ಗಾಳಿ ಶುದ್ಧ ಮಾಡುವ ವೇಗ) ಅಂಕಿ ಕೋಣೆಯ ಚದರಡಿಯಷ್ಟಾದರೂ ಇರಲಿ: 12×15 ಅಡಿಯ ಕೋಣೆಗೆ 180. ಓಝೋನ್ ಬಿಡುವ ಯಂತ್ರ ಬೇಡವೇ ಬೇಡ.

ಫಿಲ್ಟರ್ ಹಾಕಿ ಊದುಬತ್ತಿ, ಸಾಂಬ್ರಾಣಿ ಹಚ್ಚಿದರೆ ಏನೂ ಸಾಧಿಸಿದಂತಾಗಲಿಲ್ಲ. ಒಣಮೆಣಸಿನಕಾಯಿ ಒಗ್ಗರಣೆಯೂ ಅಷ್ಟೇ. ಕಿಟಕಿ ಮುಚ್ಚಿಕೊಂಡು ಅಡುಗೆಮನೆಯ ಚಿಮಣಿ ಜೋರಾಗಿ ಓಡಿಸಿದರೆ, ಒಳಗಿನ ಗಾಳಿ ಹೊರಹೋದಷ್ಟೂ ಹೊಗೆ ಸಂದುಗಳಿಂದ ಒಳಬರುತ್ತದೆ. ಆ ದಿನಗಳಿಗೆ ಬೇಯಿಸಿದ್ದು, ಮೊಸರನ್ನ ಸಾಕು.

ಪ್ರಶ್ನೆ: ಬಂಡೀಪುರದ ಕಡೆ ಬೆಂಕಿ ಬಿದ್ದಾಗ ನಮ್ಮೂರಲ್ಲಿ ಬೆಳಗ್ಗೆ ಹೊಗೆ ದಟ್ಟವಾಗಿದ್ದು ಮಧ್ಯಾಹ್ನ ತಿಳಿಯಾಗುತ್ತದೆ. ಏಕೆ? ಹೆಂಚಿನ ಮನೆಯಲ್ಲಿ ಏನು ಮಾಡಬಹುದು?
– ಓದುಗರು, ಗುಂಡ್ಲುಪೇಟೆ

ಉತ್ತರ: ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ಕೂತು ಹೊಗೆಯನ್ನು ಕೆಳಗೇ ಹಿಡಿಯುತ್ತದೆ. ಬಿಸಿಲೇರಿ ನೆಲ ಕಾದಾಗ ಮುಚ್ಚಳ ಒಡೆದು ಹೊಗೆ ಮೇಲೇಳುತ್ತದೆ. 2019ರ ಫೆಬ್ರವರಿಯ ಬಂಡೀಪುರದ ದೊಡ್ಡ ಬೆಂಕಿಯಂತೆ ಒಣ ಲಂಟಾನ ಪೊದೆ ಉರಿಯುವಾಗ ದಿನಗಟ್ಟಲೆ ಹೀಗಾಗಬಹುದು.

ಹೆಂಚಿನ ಸಂದು ಮುಚ್ಚಲಾಗದು, ಆ ಕಷ್ಟಕ್ಕೆ ಇಳಿಯಬೇಡಿ. ಹೆಂಚಿನ ಕೆಳಗೆ ಒಳಚಾವಣಿಯಿರುವ ಒಂದು ಕೋಣೆ ಆರಿಸಿ ವಯಸ್ಸಾದವರನ್ನೂ ಮಕ್ಕಳನ್ನೂ ಗರ್ಭಿಣಿಯರನ್ನೂ ಬೆಳಗಿನ ಹೊತ್ತು ಅಲ್ಲಿರಿಸಿ. ಸೌದೆ ಒಲೆ ಆ ಕೋಣೆಯಿಂದ ದೂರವಿರಲಿ. ಮಧ್ಯಾಹ್ನ ಗಾಳಿ ತಿಳಿಯಾದ ಕೂಡಲೇ ಬಾಗಿಲು ಕಿಟಕಿ ತೆರೆಯಿರಿ, ಮಾರ್ಚ್‌ನ ಸೆಕೆಯಲ್ಲಿ ಮುಚ್ಚಿ ಕೂರುವುದೂ ಅಪಾಯವೇ. ಅಂಗಳದ ಬೂದಿಯನ್ನು ಒಣ ಪೊರಕೆಯಿಂದ ಗುಡಿಸದೆ, ನೀರು ಚಿಮುಕಿಸಿ ಬಳಿದು ತೆಗೆಯಿರಿ.