ಪ್ರತಿಕ್ರಿಯೆ: ಲ್ಯುಪ್ರೊಲೈಡ್ ಶುರುವಾದ ಮೇಲೆ ಅಪ್ಪನ ಟ್ರೈಗ್ಲಿಸರೈಡ್ ಏರಿದ್ದೇಕೆ?

ಆ ಚುಚ್ಚುಮದ್ದೇ ಕಾರಣವಿರಬಹುದು. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯುಪ್ರೊಲೈಡ್ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರಾನನ್ನು ತಳಕ್ಕಿಳಿಸುತ್ತದೆ. ಅದರ ಬೆನ್ನಿಗೇ ಸ್ನಾಯು ಕರಗಿ ಕೊಬ್ಬು ಕೂಡುತ್ತದೆ, ಇನ್ಸುಲಿನ್ನಿನ ಪರಿಣಾಮ ಕುಗ್ಗುತ್ತದೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಮತ್ತು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರುತ್ತವೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕೂಡ ತುಸು ಏರುವುದುಂಟು; ಅದನ್ನು ನೋಡಿ ನಿಶ್ಚಿಂತರಾಗಬೇಡಿ. ನನ್ನ ಮಾವನ ವರದಿಯಲ್ಲೂ ಮೊದಲ ವರ್ಷದೊಳಗೇ ಹೀಗಾಯಿತು.

ಆದರೆ ಬೀದರಿನಲ್ಲಿ ಪರೀಕ್ಷೆಗೆ ರಕ್ತ ಕೊಟ್ಟದ್ದು ಊಟವಾದ ಮೇಲೆ ಎಂದಿದ್ದೀರಿ. ಊಟದ ಪಾಲೆಷ್ಟು, ಮದ್ದಿನ ಪಾಲೆಷ್ಟು ಎಂದು ಈ ವರದಿಯಿಂದ ಹೇಳಲಾಗದು. ಮೊದಲು 10–12 ಗಂಟೆ ಬರಿಹೊಟ್ಟೆಯಲ್ಲಿದ್ದು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ; ಜೊತೆಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಥೈರಾಯ್ಡ್ ಪರೀಕ್ಷೆ ಕೂಡ ಇರಲಿ. ಆಗಲೂ ಟ್ರೈಗ್ಲಿಸರೈಡ್ 500 mg/dL ದಾಟಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ.

ಆಮೇಲೆ ಚಿಕಿತ್ಸೆಗೆ ಮುಂಚಿನ ವರದಿಯನ್ನೂ ಇಟ್ಟುಕೊಂಡು ಕ್ಯಾನ್ಸರ್ ವೈದ್ಯರ ಹತ್ತಿರ ಹೋಗಿ, ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬೇಕೇ ಎಂದು ನೇರವಾಗಿ ಕೇಳಿ. ಪ್ರಾಸ್ಟೇಟ್ ಕ್ಯಾನ್ಸರಿನದೇ ಇನ್ನೊಂದು ಮದ್ದಾದ ಎನ್ಜಲುಟಮೈಡ್ ಮಾತ್ರೆಯೂ ನಡೆಯುತ್ತಿದ್ದರೆ ತಪ್ಪದೆ ತಿಳಿಸಿ. ಅದು ಕೆಲವು ಸ್ಟ್ಯಾಟಿನ್‌ಗಳ ಬಲವನ್ನು ಕುಂದಿಸುತ್ತದೆ. ದಯವಿಟ್ಟು ಕೊಲೆಸ್ಟ್ರಾಲಿಗೆ ಹೆದರಿ ಚುಚ್ಚುಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ.

ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿ ಪಲ್ಯ ಬಿಡಬೇಕಿಲ್ಲ. ಶೇಂಗಾ ಹಿಂಡಿಯ ಮೇಲೆ ಸುರಿದುಕೊಳ್ಳುವ ಎಣ್ಣೆ, ಸಂಜೆಯ ಮಿರ್ಚಿ ಭಜಿ, ಸಕ್ಕರೆ ಚಹಾ ಕಡಿಮೆಯಾಗಲಿ, ಮದ್ಯವಿದ್ದರೆ ನಿಲ್ಲಲಿ. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ, ಬೆಳಗಿನ ಜಾವವೇ ನಡೆಯಲಿ. ಬರೀ ನಡಿಗೆ ಸಾಲದು, ಸ್ನಾಯು ಉಳಿಯಬೇಕು: ಕೈಯೂರದೆ ಕುರ್ಚಿಯಿಂದ ಎದ್ದು ಕುಳಿತುಕೊಳ್ಳುವುದನ್ನು ರೂಢಿಸಿ. ಮೂಳೆಗೆ ಕ್ಯಾನ್ಸರ್ ಹರಡಿದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಶುರುಮಾಡಿ. ಸ್ಟ್ಯಾಟಿನ್ ಆರಂಭಿಸಿದರೆ 4–12 ವಾರಗಳಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ.